ಹುಸಿನೊಣದ ಗಾಳ

ಗಾಳ ಹಾಕಿ ಮೀನು ಹಿಡಿಯುವುದು ಮಾನವನ ಅತ್ಯಂತ ಪ್ರಾಚೀನವಾದ ಕಸಬುಗಳಲ್ಲಿ ಒಂದು. ಹೊಟ್ಟೆಯ ಪಾಡಿಗಾಗಿ ಆರಂಭವಾದ ಈ ಕೆಲಸವು ಕೆಲವು ನಾಡುಗಳಲ್ಲಿ ಕಾಲಕ್ರಮೇಣ ವಿನೋದವಾಯಿತು. ವಿನೋದವು ಬೆಳೆದು ಕಲೆಯಾಯಿತು. ಆ ಕಲೆಯು ಪ್ರಕೃತಿಯ ಸೂಕ್ಷ್ಮ ಅಭ್ಯಾಸಕ್ಕೂ ದಾರಿಮಾಡಿಕೊಟ್ಟಿತು. ಟ್ರೌಟ್ ಎಂಬ ತಣ್ಣೀರಿನ ಮೀನನ್ನು ಗರಿ ಮತ್ತು ನೂಲುಗಳಿಂದ ಕಟ್ಟಿದ ಹುಸಿನೊಣದಿಂದ ಹಿಡಿಯುವ ವಿದ್ಯೆ ಇದಕ್ಕೆ ಒಳ್ಳೆಯ ನಿದರ್ಶನ.

ಟ್ರೌಟ್ ಮೀನು ಎಲ್ಲ ನೀರಿನಲ್ಲಿಯೂ ಬಾಳತಕ್ಕುದಲ್ಲ. ಯೂರೋಪಿನ ಕಂದು ಟ್ರೌಟ್ ಆಗಲಿ, ಉತ್ತರ ಅಮೆರಿಕದ ಪಶ್ಚಿಮ ಭಾಗದ ಕಾಮನಬಿಲ್ಲು ಟ್ರೌಟ್ ಆಗಲಿ, ತಂಪಾದ, ತಿಳಿಯಾದ, ಹರಿಯುವ ನೀರನ್ನೇ ಬಯಸುತ್ತದೆ. ನೀರು ತಂಪಾಗಿದ್ದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕದ ಪ್ರಮಾಣ ಹೆಚ್ಚು. ನೀರಿನ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಈ ಮೀನು ಬಳಲತೊಡಗುತ್ತದೆ. ಹೊಳೆಯಲ್ಲಿ ಅದು ಬಂಡೆಯ ಮರೆಯಲ್ಲಿ, ಸೆಳವು ಮಂದವಾಗಿರುವ ಕಡೆ, ಪ್ರವಾಹಕ್ಕೆ ಎದುರಾಗಿ ಮುಖಮಾಡಿ ನಿಲ್ಲುತ್ತದೆ. ಈಜುವ ಶ್ರಮ ಕಡಿಮೆ. ಆಹಾರವೋ ನೀರಿನೊಡನೆ ತಾನಾಗಿಯೇ ತೇಲಿ ಬರುತ್ತದೆ. ಅದರ ದೃಷ್ಟಿ ಬಹು ಚುರುಕು. ಆದುದರಿಂದಲೇ ಬಲ್ಲ ಗಾಳಗಾರನು ನೆರಳು ಬೀಳದಂತೆ, ಹೆಜ್ಜೆಯ ಸದ್ದಾಗದಂತೆ, ಅದರ ಹಿಂದಿನಿಂದ ಸಮೀಪಿಸುತ್ತಾನೆ.

ಈ ಮೀನಿನ ಮುಖ್ಯ ಆಹಾರವೆಂದರೆ ನೀರಿನ ಕೀಟಗಳು. ಅವುಗಳಲ್ಲಿ ಮೇಫ್ಲೈ ಎಂಬ ಕೀಟದ ಬಾಳು ವಿಸ್ಮಯಕರವಾದುದು. ಮರಿಯಾಗಿದ್ದಾಗ ಅದು ಹೊಳೆಯ ತಳದ ಕಲ್ಲುಗಳ ನಡುವೆ ಅನೇಕ ತಿಂಗಳು, ಹಲವು ವೇಳೆ ಒಂದು ವರ್ಷದವರೆಗೂ ಬೆಳೆಯುತ್ತದೆ. ಬಳಿಕ ಒಂದು ದಿನ ಮೇಲೇರಿ ಬಂದು, ಪೊರೆ ಕಳಚಿ, ರೆಕ್ಕೆ ಬಿಚ್ಚಿ ಹಾರುತ್ತದೆ. ರೆಕ್ಕೆ ಮೂಡಿದ ಮೇಲೂ ಮತ್ತೊಮ್ಮೆ ಪೊರೆ ಬಿಡುವುದು ಕೀಟಗಳಲ್ಲಿ ಇದರ ವರ್ಗಕ್ಕೆ ಮಾತ್ರ ಇರುವ ಗುಣ. ಪ್ರೌಢ ಕೀಟಕ್ಕೆ ಉಣ್ಣಬಲ್ಲ ಬಾಯಿಯೇ ಇಲ್ಲ. ಒಂದೆರಡು ದಿನಗಳೊಳಗೆ ಅದು ಜೋಡಿಗೂಡಿ, ಮೊಟ್ಟೆಯಿಟ್ಟು, ಸೋತು ನೀರಿನ ಮೇಲೆ ಬೀಳುತ್ತದೆ. ತಳದಲ್ಲಿರುವಾಗ, ಮೇಲೇರುವಾಗ, ಸತ್ತು ತೇಲುವಾಗ, ಹೀಗೆ ಪ್ರತಿಯೊಂದು ಅವಸ್ಥೆಯಲ್ಲಿಯೂ ಟ್ರೌಟ್ ಅದನ್ನು ನುಂಗುತ್ತದೆ. ಯಾವ ಹೊತ್ತಿಗೆ ಯಾವ ಅವಸ್ಥೆಯ ಕೀಟವನ್ನು ಮೀನು ತಿನ್ನುತ್ತಿದೆ ಎಂಬುದನ್ನು ಅರಿತು ಅದಕ್ಕೆ ತಕ್ಕ ಹುಸಿನೊಣವನ್ನು ಆರಿಸುವುದೇ ಈ ವಿದ್ಯೆಯ ತಿರುಳು.

ಜೀವಂತ ಕೀಟವನ್ನೇ ಕೊಕ್ಕೆಗೆ ಸಿಕ್ಕಿಸಬಾರದೇಕೆ? ಇದಕ್ಕೆ ಉತ್ತರವನ್ನು ಸುಮಾರು ಕ್ರಿ.ಶ. 200ರಲ್ಲಿ ಬಾಳಿದ ರೋಮಿನ ಲೇಖಕ ಈಲಿಯನ್ ಕೊಟ್ಟಿದ್ದಾನೆ. ಮ್ಯಾಸಿಡೋನಿಯಾದ ಜನರು ಒಂದು ನದಿಯಲ್ಲಿ ಚುಕ್ಕೆಗಳುಳ್ಳ ಮೀನನ್ನು ಹಿಡಿಯುತ್ತಿದ್ದ ಬಗೆಯನ್ನು ಅವನು ವರ್ಣಿಸಿದ್ದಾನೆ. ಆ ಮೀನು ತಿನ್ನುವ ನೊಣವು ಮನುಷ್ಯನ ಕೈ ಸೋಕಿದೊಡನೆ ಬಣ್ಣಗೆಟ್ಟು, ರೆಕ್ಕೆ ಬಾಡಿ ನಿರುಪಯುಕ್ತವಾಗುತ್ತಿತ್ತು. ಆದಕಾರಣ ಅವರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ ಮೀನನ್ನು ಮರುಳುಗೊಳಿಸುತ್ತಿದ್ದರು. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳಗಾರಿಕೆಯ ಕೃತಿಯೊಂದರಲ್ಲಿ ಹನ್ನೆರಡು ಬಗೆಯ ಹುಸಿನೊಣಗಳ ವಿವರಗಳಿವೆ. 1653ರಲ್ಲಿ ಐಸಾಕ್ ವಾಲ್ಟನ್ ಬರೆದ ಪುಸ್ತಕವು ಈ ವಿನೋದಕ್ಕೆ ಇಂಗ್ಲಿಷ್ ಸಾಹಿತ್ಯದಲ್ಲಿ ಸ್ಥಾನವನ್ನು ದೊರಕಿಸಿತು.

ಇನ್ನು ಉಪಕರಣಗಳ ವಿಚಾರ. ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ದಾರವನ್ನು ದೂರಕ್ಕೆ ಸೆಳೆದೊಯ್ಯುತ್ತದೆ. ಹುಸಿನೊಣಕ್ಕೆ ತೂಕವೆಂಬುದೇ ಇಲ್ಲ. ಹಿಡಿ ಹೊಟ್ಟನ್ನು ಎಷ್ಟು ಬಲದಿಂದ ಎಸೆದರೂ ಅದು ಕಾಲ ಬುಡದಲ್ಲೇ ಬೀಳುವುದಷ್ಟೆ! ಆದುದರಿಂದ ಇಲ್ಲಿ ದಾರಕ್ಕೇ ತೂಕವನ್ನು ಕೊಡಲಾಗಿದೆ. ಗಾಳಗಾರನು ಕೋಲನ್ನು ಹಿಂದಕ್ಕೆ ಬೀಸುತ್ತಾನೆ. ದಾರವು ಬೆನ್ನ ಹಿಂದೆ ನೀಳವಾಗಿ ಚಾಚಿಕೊಳ್ಳುವವರೆಗೆ ಕ್ಷಣಕಾಲ ಕಾಯುತ್ತಾನೆ. ಬಳಿಕ ಮುಂದಕ್ಕೆ ಬೀಸುತ್ತಾನೆ. ಬಿಲ್ಲಿನಂತೆ ಬಾಗಿದ ಕೋಲು ನೆಟ್ಟಗಾಗುತ್ತಲೇ ದಾರವು ಸುರುಳಿ ಬಿಚ್ಚುತ್ತ ಮುಂದೆ ಸಾಗುತ್ತದೆ. ಕಾಯುವ ಆ ಒಂದು ಕ್ಷಣದಲ್ಲಿ ಆತುರಪಟ್ಟರೆ ದಾರವು ಚಾವಟಿಯಂತೆ ಛಟೀರೆಂದು ನೊಣವೇ ಕಿತ್ತುಹೋಗುವುದುಂಟು. ದಾರದ ಕೊನೆಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಪಾರದರ್ಶಕ ಎಳೆಯನ್ನೂ ಅದರ ತುದಿಗೆ ನೊಣವನ್ನೂ ಕಟ್ಟಿರುತ್ತಾರೆ. ನೊಣವು ನಿಜವಾದ ಕೀಟದಂತೆ ಮೆಲ್ಲನೆ ಇಳಿದು, ನೀರಿನ ವೇಗಕ್ಕೆ ಸರಿಯಾಗಿ ತೇಲಬೇಕು. ದಾರವು ಅದನ್ನು ಕೊಂಚ ಎಳೆದರೂ ಮೀನಿಗೆ ಸಂಶಯ ಹುಟ್ಟುತ್ತದೆ.

ಹಿಂದೆ ದಾರವನ್ನು ಕುದುರೆಯ ಕೂದಲಿನಿಂದ ಹೊಸೆಯುತ್ತಿದ್ದರು. ಅನಂತರ ರೇಷ್ಮೆ ಬಂದಿತು. ಈಗ ಪ್ಲಾಸ್ಟಿಕ್ ಲೇಪನದ ದಾರ ಬಳಕೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿದಿರನ್ನು ಉದ್ದಕ್ಕೆ ಸೀಳಿ, ಆರು ತ್ರಿಕೋನಾಕಾರದ ಪಟ್ಟಿಗಳನ್ನು ಅಂಟಿಸಿ ಕೋಲನ್ನು ಮಾಡುವ ಕ್ರಮ ರೂಢಿಗೆ ಬಂದಿತು. ಮೊದಮೊದಲು ಇದಕ್ಕೆ ಬಳಸಿದ್ದು ಭಾರತದಿಂದ ಹೋಗುತ್ತಿದ್ದ ಕಲ್ಕತ್ತಾ ಬಿದಿರು. ಆಮೇಲೆ ದಕ್ಷಿಣ ಚೀನದ ಬಿದಿರು ಅದರ ಸ್ಥಾನವನ್ನು ಪಡೆಯಿತು. ಎರಡನೆಯ ಮಹಾಯುದ್ಧದ ತರುವಾಯ ಗಾಜಿನ ನಾರಿನ ಕೋಲುಗಳೂ 1970ರ ದಶಕದಿಂದ ಇಂಗಾಲದ ನಾರಿನ ಕೋಲುಗಳೂ ಬಂದವು. ನೊಣ ಕಟ್ಟುವವರು ಬಹುವಾಗಿ ಮೆಚ್ಚಿದ ಗರಿಗಳಲ್ಲಿ ಒಂದು ಪಶ್ಚಿಮಘಟ್ಟದ ಬೂದು ಕಾಡುಕೋಳಿಯದು. ಹುಂಜದ ಕೊರಳಿನ ಗರಿಗಳ ಮೇಲೆ ಅರಗಿನ ಹನಿಯಂತೆ ಮಿರುಗುವ ಮಚ್ಚೆಗಳಿವೆ. ಈ ಗರಿಗಳಿಗಾಗಿ ಅಸಂಖ್ಯ ಕೋಳಿಗಳು ಬಲಿಯಾದವು. ಈಗ ಭಾರತದಲ್ಲಿ ಈ ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ.

ದಡದಿಂದ ಎಟುಕದ ನೀರಿಗೆ ದೋಣಿ ಬೇಕು. ಅಮೆರಿಕದ ಆರೆಗನ್ ರಾಜ್ಯದ ಮೆಕೆಂಜಿ ನದಿಯು ಕ್ಯಾಸ್ಕೇಡ್ ಪರ್ವತಶ್ರೇಣಿಯಲ್ಲಿ ಹುಟ್ಟಿ ಸುಮಾರು 145 ಕಿಲೋಮೀಟರು ಹರಿದು ವಿಲಾಮೆಟ್ ನದಿಯನ್ನು ಕೂಡುತ್ತದೆ. ಮಳೆ ಮತ್ತು ಹಿಮದ ನೀರು ಜ್ವಾಲಾಮುಖಿ ಶಿಲೆಗಳಲ್ಲಿ ಇಂಗಿ ಊಟೆಗಳಾಗಿ ಹೊಮ್ಮುವುದರಿಂದ ಬೇಸಗೆಯಲ್ಲಿಯೂ ಇದರ ನೀರು ತಂಪು. ಆದರೆ ಬಂಡೆಗಳು ಹೇರಳ, ಸೆಳವು ಪ್ರಬಲ. ಇಂತಹ ನೀರಿಗಾಗಿ ಅಲ್ಲಿನವರು ರೂಪಿಸಿದ್ದೇ ಡ್ರಿಫ್ಟ್ ಬೋಟ್ ಎಂಬ ದೋಣಿ. 1940ರ ದಶಕದಲ್ಲಿ ವುಡೀ ಹಿಂಡ್‌ಮನ್ ಮೊದಲಾದ ಕುಶಲಕರ್ಮಿಗಳು ಪ್ಲೈವುಡ್‌ನಿಂದ ಇದನ್ನು ಹಗುರವಾಗಿ ಕಟ್ಟಿ ಪ್ರಸಿದ್ಧರಾದರು. ಇದರ ತಳ ಚಪ್ಪಟೆ. ಆದರೆ ಎರಡು ತುದಿಗಳೂ ತೊಟ್ಟಿಲಿನ ಬುಡದಂತೆ ಮೇಲಕ್ಕೆ ಬಾಗಿವೆ. ನೀರಿಗೆ ತಾಗುವ ಭಾಗ ಅಲ್ಪವಾದುದರಿಂದ ಹುಟ್ಟಿನ ಒಂದೆಳೆತಕ್ಕೆ ದೋಣಿ ನಿಂತಲ್ಲೇ ತಿರುಗುತ್ತದೆ.

ಬೇರೆ ದೋಣಿಗಳಲ್ಲಿ ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನುಮಾಡಿ ಕುಳಿತು ವೇಗವನ್ನು ಹೆಚ್ಚಿಸುತ್ತಾನೆ. ಇಲ್ಲಿ ಅಂಬಿಗನು ಪ್ರವಾಹ ಹರಿಯುವತ್ತ ಮುಖಮಾಡಿ ಕುಳಿತು, ಹುಟ್ಟನ್ನು ಹಿಂದಕ್ಕೆಳೆದು ವೇಗವನ್ನು ತಗ್ಗಿಸುತ್ತಾನೆ. ನೀರಿಗಿಂತ ದೋಣಿ ನಿಧಾನವಾದಾಗ ಬಂಡೆಯನ್ನು ನೋಡಲು, ಓರೆಯಾಗಿ ಸರಿದು ಪಾರಾಗಲು ಅವನಿಗೆ ಅವಕಾಶ ದೊರೆಯುತ್ತದೆ. ಮುಂದುಗಡೆ ನಿಂತ ಗಾಳಗಾರನು ಒಂದೊಂದು ಬಂಡೆಯ ಮರೆಗೂ ಒಮ್ಮೆ ನೊಣವನ್ನು ಇಳಿಸಬಲ್ಲನು. ಮೀನು ಸಿಕ್ಕರೆ ಮೆಚ್ಚುಗೆ ಗಾಳಗಾರನಿಗೆ. ಆದರೆ ಅದರಲ್ಲಿ ಅರ್ಧ ಪಾಲು ಅಂಬಿಗನದು. ಕಾವೇರಿ, ತುಂಗಭದ್ರೆಗಳ ಹರಿಗೋಲನ್ನು ಕಂಡವರಿಗೆ ಈ ಯುಕ್ತಿ ಹೊಸದೆನಿಸದು. ಬಿದಿರಿನಿಂದ ಹೆಣೆದ ಆ ದುಂಡು ದೋಣಿಗೂ ತಳ ಚಪ್ಪಟೆ. ಅದೂ ಕಲ್ಲುಗಳ ಮೇಲಣ ತೆಳುನೀರಿನಲ್ಲಿ ಜಾರಿ ಹೋಗುತ್ತದೆ.

ಭಾರತದಲ್ಲಿ ಟ್ರೌಟ್ ಮೂಲತಃ ಇರಲಿಲ್ಲ. ಬ್ರಿಟಿಷರು ತಮ್ಮ ವಿನೋದಕ್ಕಾಗಿ ಕಾಶ್ಮೀರ, ನೀಲಗಿರಿ ಮೊದಲಾದ ತಂಪು ಪ್ರದೇಶಗಳ ಹೊಳೆಗಳಿಗೆ ಅದನ್ನು ತಂದುಬಿಟ್ಟರು. ಜಗತ್ತಿನ ಹಲವು ಕಡೆಗಳಲ್ಲಿ ಹೀಗೆ ಬಿಟ್ಟ ಟ್ರೌಟ್ ಸ್ಥಳೀಯ ಮೀನುಗಳನ್ನು ತಿಂದು, ಅವುಗಳ ಆಹಾರವನ್ನೂ ಕಸಿದುಕೊಂಡಿದೆ. ಒಂದು ಹೊಳೆಯ ಭೂಷಣವು ಇನ್ನೊಂದು ಹೊಳೆಗೆ ಪಿಡುಗಾಗಬಲ್ಲುದು.

ಹಿಡಿದ ಮೀನನ್ನು ಮರಳಿ ನೀರಿಗೆ ಬಿಡಬೇಕೆಂಬ ವಿಚಾರವನ್ನು ಅಮೆರಿಕದ ಲೀ ವುಲ್ಫ್ ಎಂಬವನು 1939ರಷ್ಟು ಹಿಂದೆಯೇ ಪ್ರತಿಪಾದಿಸಿದನು. ಇಂದು ಅನೇಕ ನದಿಗಳಲ್ಲಿ ಅದೇ ನಿಯಮ. ಆದರೆ ಬಿಟ್ಟ ಮೀನೆಲ್ಲವೂ ಬದುಕುತ್ತದೆ ಎಂದು ಹೇಳಲಾಗದು. ಒಣಗಿದ ಕೈ ತಾಗಿದರೆ ಅದರ ಮೈಯನ್ನು ಕಾಯುವ ಲೋಳೆ ಅಳಿಸಿಹೋಗುತ್ತದೆ. ಹೆಚ್ಚು ಹೊತ್ತು ಸೆಣಸಾಡಿಸಿದರೆ ಅದು ಬಳಲಿ ಸಾಯಬಹುದು. ಆದಕಾರಣ ವಿವೇಕಿಗಳು ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನು ಬಳಸುತ್ತಾರೆ, ಕೈಯನ್ನು ಒದ್ದೆಮಾಡಿಕೊಂಡು ಮೀನನ್ನು ನೀರಿನಲ್ಲಿಯೇ ಬಿಡಿಸುತ್ತಾರೆ, ನೀರು ಬೆಚ್ಚಗಾದ ದಿನ ಕೋಲನ್ನು ಮುಟ್ಟುವುದೇ ಇಲ್ಲ. ಗಾಳಗಾರರ ಪಾದರಕ್ಷೆಗಳೂ ಹೊಳೆಗೆ ಕೇಡು ತಂದುದುಂಟು. ತೇವವನ್ನು ಹಿಡಿದಿಡುವ ಉಣ್ಣೆಯ ಅಟ್ಟೆಗಳು ಒಂದು ಬಗೆಯ ಪಾಚಿಯನ್ನು ನದಿಯಿಂದ ನದಿಗೆ ಒಯ್ಯಬಲ್ಲವೆಂದು ನ್ಯೂಜಿಲೆಂಡ್ ದೇಶವು 2008ರಲ್ಲಿ ಅವನ್ನು ನಿಷೇಧಿಸಿತು.

ಗಾಳಗಾರನ ಸಂಯಮವೊಂದರಿಂದಲೇ ಹೊಳೆ ಉಳಿಯದು. 2020ರ ಸೆಪ್ಟೆಂಬರಿನಲ್ಲಿ ಮೆಕೆಂಜಿ ಕಣಿವೆಯಲ್ಲಿ ಹಬ್ಬಿದ ಕಾಳ್ಗಿಚ್ಚು 1,70,000 ಎಕರೆಗೂ ಮಿಗಿಲಾದ ಪ್ರದೇಶವನ್ನು ಸುಟ್ಟಿತು; ಬ್ಲೂ ರಿವರ್ ಎಂಬ ಊರು ಬಹುಮಟ್ಟಿಗೆ ನಾಶವಾಯಿತು. ದಡದ ಮರಗಳು ಹೋದರೆ ನೀರಿಗೆ ನೆರಳಿಲ್ಲ. ನೆರಳಿಲ್ಲದ ನೀರು ಬಿಸಿಯೇರುತ್ತದೆ. ಸಡಿಲವಾದ ಮಣ್ಣು ಕೊಚ್ಚಿಬಂದು ಕೀಟಗಳು ಬಾಳುವ ಕಲ್ಲುಗಳ ಸಂದನ್ನು ಮುಚ್ಚುತ್ತದೆ. ಕೀಟವಿಲ್ಲದೆ ಮೀನಿಲ್ಲ. ಆ ನದಿಯ ನೀರನ್ನೇ ಯೂಜೀನ್ ನಗರದ ಜನರು ಕುಡಿಯುತ್ತಾರೆ. ಮೀನಿಗೆ ಒಗ್ಗದ ನೀರು ಮನುಷ್ಯನಿಗೂ ಬಹುಕಾಲ ಒಗ್ಗಲಾರದು. ಹುಸಿನೊಣವನ್ನು ಕಟ್ಟಲು ಕುಳಿತವನು ನಿಜವಾದ ನೊಣವನ್ನು ನೋಡಲೇಬೇಕು. ನೊಣವನ್ನು ನೋಡಿದವನು ಕಲ್ಲನ್ನೂ ನೆರಳನ್ನೂ ನೀರಿನ ತಂಪನ್ನೂ ಗಮನಿಸಲೇಬೇಕು. ಈ ವಿನೋದವು ಮನುಷ್ಯನಿಗೆ ಕಲಿಸಿದ ಪಾಠಗಳಲ್ಲಿ ಇದೇ ಮುಖ್ಯವಾದುದು.