‘ಜೇಲು’ ಹೋಗಿ ಮಕ್ಕಳ ಮನೆ ಆದದ್ದು

ನಾನು ಕಮಠಾಣದವಳು. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದಾಗ ಪರಿಚಯದ ಹೆಣ್ಣುಮಗಳೊಬ್ಬಳು ಅಳುತ್ತ ಬಂದಳು. “ಯಕ್ಕಾ, ನಮ್ ಪೋರಗ ಜೇಲಿಗಿ ಹಾಕ್ತಾರಂತ!” ಗೆಳೆಯರ ಮಾತು ಕೇಳಿ ಯಾರದೋ ಹೊಲದ ಬೋರಿನ ವೈರು ಕದ್ದಿದ್ದ. “ಜೇಲಲ್ಲವ್ವಾ” ಅಂದೆ. ಮತ್ತೇನು ಅಂತ ಕೇಳಿದ್ದರೆ ನನಗೂ ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡದ್ದನ್ನು ಸೋದರಿಯರಿಗಾಗಿ ಬರೆದಿದ್ದೇನೆ.

ಮೊದಲು ಇದಕ್ಕೆ ಸುಧಾರಣಾ ಶಾಲೆ ಎನ್ನುತ್ತಿದ್ದರು. 1897ರ ಬ್ರಿಟಿಷರ ಕಾಯಿದೆಯಂತೆ ಹದಿನೈದರೊಳಗಿನ ಹುಡುಗನನ್ನು ಮೂರರಿಂದ ಏಳು ವರ್ಷ ಅಲ್ಲಿಡಬಹುದಿತ್ತು. ಏಳು ವರ್ಷ! ಹೋದಾಗ ಕೂಸು, ಬಂದಾಗ ಮೀಸೆ. 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಬೋರ್ಸ್ಟಲ್ ಕಾಯಿದೆ ಬಂತು. ಬೋರ್ಸ್ಟಲ್ ಅಂದರೆ ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರು. ಆ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲೂ ಅಂಥ ಶಾಲೆ ಇತ್ತು. ನಮ್ಮ ಬೀದರ ಆಗ ನಿಜಾಮರ ಆಳ್ವಿಕೆಯಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. 1964ರಲ್ಲಿ ನಮ್ಮ ರಾಜ್ಯಕ್ಕೇ ಮಕ್ಕಳ ಕಾಯಿದೆ ಬಂತು. ಜನರ ಬಾಯಲ್ಲಿ ಮಾತ್ರ ‘ರಿಮ್ಯಾಂಡ್ ಹೋಮ್’ ಉಳಿಯಿತು.

ಕಾಯಿದೆ ಏನೇ ಹೇಳಲಿ, ಎಷ್ಟೋ ಮಕ್ಕಳು ದೊಡ್ಡವರ ಜೇಲಿನಲ್ಲೇ ಇದ್ದರು. ಶೀಲಾ ಬರ್ಸೆ ಎಂಬ ಪತ್ರಕರ್ತೆ ಇದಕ್ಕಾಗಿ ಸುಪ್ರೀಂ ಕೋರ್ಟಿನ ತನಕ ಹೋದರು. ಮಕ್ಕಳನ್ನು ಜೇಲಿನಲ್ಲಿಡಬಾರದು ಎಂದು 1986ರಲ್ಲಿ ಕೋರ್ಟು ಹೇಳಿತು. ಇಡೀ ದೇಶಕ್ಕೆ ಬಾಲನ್ಯಾಯ ಕಾಯಿದೆ ಆದದ್ದೂ ಅದೇ ವರ್ಷ. ಆಗ ಗಂಡುಮಕ್ಕಳಿಗೆ ಹದಿನಾರರ ತನಕ, ಹೆಣ್ಣುಮಕ್ಕಳಿಗೆ ಹದಿನೆಂಟರ ತನಕ ರಕ್ಷಣೆ ಇತ್ತು. 2000ದಲ್ಲಿ ಇಬ್ಬರಿಗೂ ಹದಿನೆಂಟಾಯಿತು. ದೆಹಲಿಯ 2012ರ ಘಟನೆಯ ಸಿಟ್ಟಿನ ನಂತರ, ಘೋರ ಅಪರಾಧವಾದರೆ ಹದಿನಾರು ದಾಟಿದವನನ್ನು ದೊಡ್ಡವರಂತೆ ವಿಚಾರಿಸಲೂಬಹುದು ಎಂದು 2015ರಲ್ಲಿ ಬದಲಾಯಿಸಿದರು. ನನಗಿದು ಪೂರಾ ಒಪ್ಪಿಗೆಯಿಲ್ಲ, ಆದರೆ ಹೆಣ್ಣು ಹೆತ್ತವರ ಸಂಕಟವೂ ಗೊತ್ತು.

ತಾಯಂದಿರು ಇಷ್ಟು ನೆನಪಿಡಿ. ಹುಡುಗನನ್ನು ಠಾಣೆಯ ಲಾಕಪ್ಪಿನಲ್ಲಿ ಇಡುವಂತಿಲ್ಲ. ಇಪ್ಪತ್ನಾಲ್ಕು ತಾಸಿನೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಅಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಸೇವಕರಿರುತ್ತಾರೆ, ಅವರಲ್ಲಿ ಒಬ್ಬರಾದರೂ ಹೆಂಗಸು. ಸಾಮಾನ್ಯವಾಗಿ ಜಾಮೀನು ಕೊಡುತ್ತಾರೆ. ಇಲ್ಲದಿದ್ದರೆ ವಿಚಾರಣೆ ಮುಗಿಯುವ ತನಕ ವೀಕ್ಷಣಾಲಯ. ವಕೀಲರಿಗೆ ದುಡ್ಡಿಲ್ಲದಿದ್ದರೆ ಸರಕಾರವೇ ಕೊಡುತ್ತದೆ.

ಆಕೆಯ ಮಗನನ್ನು ಮಂಡಳಿ ತಾಯಿಯ ಸುಪರ್ದಿಗೇ ಕೊಟ್ಟಿತು. ಜನ ಮಾತ್ರ ಇನ್ನೂ ‘ಜೇಲಿನ ಪೋರ’ ಅನ್ನುತ್ತಾರೆ. ಸುಳ್ಳೇಕೆ, “ಅವನ ಕೂಡ ತಿರುಗಬ್ಯಾಡ” ಅಂತ ನಾನೂ ನನ್ನ ಮಗನಿಗೆ ಹೇಳಿದ್ದೆ. ಈ ಸಲ ಎಳ್ಳಮಾಸಿಗೆ ಇಬ್ಬರನ್ನೂ ಹೊಲಕ್ಕೆ ಕರೆದುಕೊಂಡು ಹೋದೆ. ಭಜ್ಜಿಯನ್ನು ನನಗಿಂತ ಅವನೇ ಚೆನ್ನಾಗಿ ಬಡಿಸಿದ.