ನಿಂತ ದೋಣಿಗೆ ಮರಳಿ ಜೀವ

ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಕಟ್ಟೆ 1964ರಲ್ಲಿ ಎದ್ದು ನಿಂತಿತು. ಸಾಗರ, ಹೊಸನಗರ ಸೀಮೆಗಳಲ್ಲಿ ಸುಮಾರು 300 ಚದರ ಕಿಲೋಮೀಟರು ನೆಲವು ನೀರಿನಡಿಗೆ ಸರಿಯಿತು. ನಾಡಿಗೆ ಬೆಳಕು ಬಂದಿತು. ಆದರೆ ತುಮರಿ, ಬ್ಯಾಕೋಡು ಮೊದಲಾದ ಊರುಗಳಿಗೆ ಸಾಗರ ಪೇಟೆಯ ನೇರ ದಾರಿ ಕಡಿದುಹೋಯಿತು. ಮುಂದೆ ಆ ಜನರಿಗೆ ಹೊಳೆ ದಾಟಿಸಿದುದು ದೋಣಿ, ಅದರ ಬಳಿಕ ಲಾಂಚು. ಬಸುರಿ ಹೆಂಗಸು, ಜ್ವರದ ಮಗು, ಕಾಲೇಜಿನ ಹುಡುಗ, ಅಡಕೆಯ ಮೂಟೆ ಎಲ್ಲಕ್ಕೂ ಅದೇ ದಾರಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿಗಳ ನಡುವೆ 2.44 ಕಿಲೋಮೀಟರು ಉದ್ದದ ಸೇತುವೆ ತೆರೆಯಿತು. ಆ ಕಡವಿನಲ್ಲಿ ಲಾಂಚಿನ ಹಳೆಯ ಹೊಣೆ ಇಳಿಯಿತು.

ಹೀಗೆ ಕೆಲಸ ತಪ್ಪಿದ ಯಾವುದೇ ಯಂತ್ರದೋಣಿಯ ಗತಿಯೇನು? ದುಡಿಯುವ ದೋಣಿಗಿಂತ ನಿಂತ ದೋಣಿಯೇ ಬೇಗ ಕೆಡುವುದೆಂಬುದು ವಿಚಿತ್ರವಾದರೂ ನಿಜ. ವರ್ಷಗಟ್ಟಲೆ ಸುಮ್ಮನಿದ್ದ ದೋಣಿಯನ್ನು ಪ್ರವಾಸಕ್ಕೋ ನೆರೆಯ ಕಾಲದ ಪರಿಹಾರಕ್ಕೋ ಮತ್ತೆ ನೀರಿಗಿಳಿಸುವಾಗ ಏನನ್ನು ನೋಡಬೇಕು, ಏಕೆ ನೋಡಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ. ಅದರಲ್ಲಿ ಕುಳಿತುಕೊಳ್ಳುವವರ ಪ್ರಾಣ ಈ ವಿಚಾರಣೆಯನ್ನೇ ಅವಲಂಬಿಸಿರುವುದು.

ಮೊದಲು ಒಡಲು

ಮರದ ದೋಣಿಗೆ ಶತ್ರು ನೀರಲ್ಲ, ಬೂಷ್ಟು. ಮರದಲ್ಲಿ ತೇವವು ನೂರಕ್ಕೆ 20 ಭಾಗವನ್ನು ಮೀರಿದರೆ ಅದನ್ನು ತಿನ್ನುವ ಬೂಷ್ಟು ಬೆಳೆಯಲಾರಂಭಿಸುವುದು. ಆದರೆ ಅದಕ್ಕೆ ತೇವದಂತೆಯೇ ಆಮ್ಲಜನಕವೂ ಬೇಕು. ಶರಾವತಿಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ, ಎಂದೋ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇನ್ನೂ ಗಟ್ಟಿಯಾಗಿ ನಿಂತಿರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ನೀರಿನೊಳಗೆ ಆಮ್ಲಜನಕವು ಬಲು ಕಡಮೆಯಾದುದರಿಂದ ಬೂಷ್ಟಿಗೆ ಅಲ್ಲಿ ಉಸಿರಿಲ್ಲ. ದಡದಲ್ಲಿ ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಮತ್ತೆ ನೆನೆಯುವ ದೋಣಿಗಾದರೋ ತೇವವೂ ಉಂಟು, ಗಾಳಿಯೂ ಉಂಟು. ಆದುದರಿಂದ ಹೆಬ್ಬಲಸಿನಂತಹ ಗಟ್ಟಿಮುಟ್ಟಾದ ಮರವನ್ನೂ ನಂಬದೆ, ಪ್ರತಿಯೊಂದು ಹಲಗೆಯನ್ನೂ ಚೂಪಾದ ಸಲಾಕೆಯಿಂದ ಒತ್ತಿ ನೋಡತಕ್ಕದ್ದು. ಸಲಾಕೆ ಮೆತ್ತಗೆ ಒಳನುಗ್ಗಿದಲ್ಲಿ ಹಲಗೆಯನ್ನು ಬದಲಿಸಲೇಬೇಕು; ಬಣ್ಣ ಬಳಿದರೆ ರೋಗ ಮುಚ್ಚೀತೇ ಹೊರತು ವಾಸಿಯಾಗದು. ಒಣಗಿದ ಹಲಗೆಗಳು ಕುಗ್ಗಿ ಸಂದುಗಳು ಬಿಟ್ಟಿರುತ್ತವೆ. ಸಂದು ತುಂಬಿದ ಮೇಲೆ ದೋಣಿಯನ್ನು ಒಂದೆರಡು ದಿನ ಆಳವಿಲ್ಲದ ನೀರಿನಲ್ಲಿ ಕಟ್ಟಿಹಾಕಿದರೆ, ಮರವು ಉಬ್ಬಿ ಉಳಿದ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುವುವು.

ಉಕ್ಕಿನ ಒಡಲಿನ ರೋಗ ಬೇರೆ. ಕಂಚಿನ ಚಾಲಕ ಚಕ್ರವೂ ಉಕ್ಕಿನ ಒಡಲೂ ಒಂದೇ ನೀರಿನಲ್ಲಿದ್ದರೆ ಅದೊಂದು ವಿದ್ಯುತ್ಕೋಶವಾಗುವುದು. ಉಕ್ಕು ಕರಗುತ್ತ ಹೋಗುವುದು. ಇಂತಹ ಕ್ಷಯಕ್ಕೆ ಮದ್ದನ್ನು ಸೂಚಿಸಿದವನು ಇಂಗ್ಲೆಂಡಿನ ಹಂಫ್ರಿ ಡೇವಿ. ಹಡಗಿನ ತಳಕ್ಕೆ ಹೊದಿಸಿದ್ದ ತಾಮ್ರದ ತಗಡಿಗೆ ಸತುವಿನ ತುಂಡನ್ನು ಜೋಡಿಸಿದರೆ, ಸತುವು ತಾನು ಸವೆದು ತಾಮ್ರವನ್ನು ಕಾಯುವುದೆಂದು ಅವನು 1824ರಲ್ಲಿ ತೋರಿಸಿದನು. ಇಂದಿಗೂ ಉಕ್ಕಿನ ದೋಣಿಗಳಿಗೆ ಇಂತಹ ಬಲಿಲೋಹವನ್ನು ಕಟ್ಟುವುದು ವಾಡಿಕೆ. ಕಡಲಿನಲ್ಲಿ ಸತು ಸಾಕು. ಉಪ್ಪಿಲ್ಲದ ಹೊಳೆಯ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದ ಕಾರಣ ಹೆಚ್ಚು ಚುರುಕಾದ ಮೆಗ್ನೀಸಿಯಮ್ಮೇ ಲೇಸು.

ತುಕ್ಕು ತಿಂದು ತಗಡು ಎಷ್ಟು ತೆಳುವಾಗಿದೆ ಎಂದು ಕೊರೆಯದೆ ತಿಳಿಯಬಹುದು. ಕಿವಿಗೆ ಕೇಳಿಸದ ಶಬ್ದತರಂಗವನ್ನು ಹೊರಮೈಯಿಂದ ಒಳಗೆ ಕಳಿಸಿ, ಒಳಮೈಗೆ ತಾಗಿ ಬರುವ ಮಾರ್ದನಿಗೆ ಹಿಡಿದ ಕಾಲವನ್ನು ಅಳೆಯುವರು. ಉಕ್ಕಿನಲ್ಲಿ ಈ ತರಂಗದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರು. 6 ಮಿಲಿಮೀಟರು ದಪ್ಪದ ತಗಡಿನಲ್ಲಿ ಹೋಗಿ ಬರಲು ಸೆಕೆಂಡಿನ 10 ಲಕ್ಷದಲ್ಲಿ 2 ಭಾಗ ಸಾಕು. ಕಾಲ ಅರ್ಧಕ್ಕಿಳಿದಿದ್ದರೆ ತಗಡಿನ ಅರ್ಧ ದಪ್ಪ ತುಕ್ಕಿನ ಪಾಲಾಗಿದೆ ಎಂದರ್ಥ.

ಬಳಿಕ ಯಂತ್ರ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಇಂತಹ ಮಲೆಸೀಮೆಯಲ್ಲಿ ಗಾಳಿಯೇ ಒದ್ದೆ. ಅರ್ಧ ತುಂಬಿದ ಎಣ್ಣೆಯ ತೊಟ್ಟಿಯೊಳಗೆ ರಾತ್ರಿಯ ತಂಪಿಗೆ ಆ ತೇವವು ಹನಿಗಟ್ಟಿ ತಳ ಸೇರುವುದು. ಡೀಸೆಲ್ ನೀರಿಗಿಂತ ಹಗುರವಾದುದರಿಂದ ಮೇಲೆ ತೇಲುವುದು. ಎರಡೂ ಸಂಧಿಸುವಲ್ಲಿ ಎಣ್ಣೆಯನ್ನೇ ತಿಂದು ಬಾಳುವ ಸೂಕ್ಷ್ಮಜೀವಿಗಳು ಬೆಳೆದು, ಲೋಳೆಯಾಗಿ ಸೋಸುಕವನ್ನು ಕಟ್ಟಿಬಿಡುವುವು. ಪೆಟ್ರೋಲಿನ ಪಾಡು ಇನ್ನೂ ಹೀನ. ಅದರಲ್ಲಿ ಬೆರೆತ ಎಥನಾಲು ನೀರನ್ನು ಹೀರಿ, ಮಿತಿ ಮೀರಿದಾಗ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುವುದು. ಯಂತ್ರವು ಮೊದಲು ಹೀರುವುದು ಆ ತಳದ ದ್ರವವನ್ನೇ. ಆದುದರಿಂದ ಹಳೆಯ ಎಣ್ಣೆಯನ್ನು ಪೂರ್ತಿ ತೆಗೆದು, ತೊಟ್ಟಿಯನ್ನು ತೊಳೆದು, ಸೋಸುಕವನ್ನು ಹೊಸದಾಗಿಸುವುದೇ ಮೊದಲ ಕೆಲಸ.

ಈಗ ಯಂತ್ರವನ್ನು ತಿರುಗಿಸಿಬಿಡೋಣವೆಂದು ಆತುರಪಡುವವರೇ ಹೆಚ್ಚು. ಇಲ್ಲಿ ಅಪಾಯವುಂಟು. ಡೀಸೆಲ್ ಯಂತ್ರಕ್ಕೆ ಕಿಡಿ ಬೇಡ. ಗಾಳಿಯನ್ನು 15ರಿಂದ 20 ಪಟ್ಟು ಕುಗ್ಗಿಸಿ, 500 ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕಿ ಕಾಯಿಸಿ, ಅದರಲ್ಲಿ ಎಣ್ಣೆಯನ್ನು ಸಿಂಪಡಿಸಿ ಉರಿಸುವುದು ಅದರ ಕ್ರಮ. ಸಿಲಿಂಡರಿನಲ್ಲಿ ಗಾಳಿಯ ಬದಲು ನೀರು ನಿಂತಿದ್ದರೆ ಗತಿಯೇನು? ನೀರು ಕುಗ್ಗದು; ಪಿಸ್ಟನ್ನಿನ ದಂಡವೇ ಬಾಗುವುದು. ಆದುದರಿಂದ ಮೊದಲು ಇಂಧನ ಸಿಂಪಡಿಸುವ ಮೂತಿಗಳನ್ನು ಕಳಚಿ, ಪ್ರತಿಯೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆ ಹೊಯ್ದು, ಒಂದೆರಡು ದಿನ ಬಿಟ್ಟು, ಕೈಯಿಂದಲೇ ಮೆಲ್ಲನೆ ತಿರುಗಿಸುವರು. ನೀರಿದ್ದರೆ ತೂತಿನಿಂದ ಹೊರಚಿಮ್ಮುವುದು; ಅಂಟಿಕೊಂಡ ಬಳೆಗಳು ಸಡಿಲವಾಗುವುವು. ಕೀಲೆಣ್ಣೆಯು ಹಾಲಿನಂತೆ ಬಿಳುಪೇರಿದ್ದರೆ ಅದರಲ್ಲಿ ನೀರು ಬೆರೆತಿದೆಯೆಂದು ತಿಳಿಯತಕ್ಕದ್ದು.

ತಂಪಿನ ನೀರನ್ನು ಎಳೆಯುವ ಪಂಪಿನ ರಬ್ಬರ್ ಚಕ್ರವು ಒಂದೇ ಭಂಗಿಯಲ್ಲಿ ನಿಂತು ಸೆಡೆತಿರುವುದು, ಅದನ್ನು ಬದಲಿಸಬೇಕು. ಹೊಗೆಕೊಳವೆಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ತಂತಿಗಳ ಹೊದಿಕೆಯನ್ನು ಇಲಿ ಕಡಿದಿರಬಹುದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಕಾಣದೆ ತಂಗಿರುವುದು. ಕಡಿದ ತಂತಿಯ ಒಂದು ಕಿಡಿ ಸಾಕು. ಹಲಗೆಗಳನ್ನೆತ್ತಿ ಗಾಳಿಯಾಡಿಸದೆ ಯಾವ ಗುಂಡಿಯನ್ನೂ ಒತ್ತಲಾಗದು.

ಕೊನೆಗೆ ಲೆಕ್ಕ

ಸಣ್ಣ ತೂತೆಂದು ಉಪೇಕ್ಷಿಸಬಹುದೇ? ನೀರಿನ ಮಟ್ಟಕ್ಕಿಂತ ಅರ್ಧ ಮೀಟರು ಕೆಳಗೆ 1 ಸೆಂಟಿಮೀಟರು ಅಡ್ಡಳತೆಯ ತೂತಿದೆ ಎನ್ನೋಣ. ಟಾರಿಸೆಲ್ಲಿಯ ಸೂತ್ರದಂತೆ ನೀರು ಸೆಕೆಂಡಿಗೆ ಸುಮಾರು 3 ಮೀಟರು ವೇಗದಿಂದ ನುಗ್ಗುವುದು. ಧಾರೆಯು ತೂತಿನ ಬಳಿ ಕಿರಿದಾಗುವುದನ್ನು ಕಳೆದರೂ ನಿಮಿಷಕ್ಕೆ 9 ಲೀಟರು, ಗಂಟೆಗೆ ಅರ್ಧ ಟನ್ನಿಗೂ ಮಿಕ್ಕಿ ನೀರು ಒಳಸೇರುವುದು. ಹೊರೆಯ ಲೆಕ್ಕವೂ ಹೀಗೆಯೇ ಸ್ಪಷ್ಟ. 15 ಮೀಟರು ಉದ್ದ, 6 ಮೀಟರು ಅಗಲದ ಚಪ್ಪಟೆ ದೋಣಿಯು 1 ಸೆಂಟಿಮೀಟರು ಹೆಚ್ಚು ಮುಳುಗಿತೆಂದರೆ ಅದರ ಮೇಲೆ 900 ಕಿಲೋಗ್ರಾಮು ಹೊರೆ ಏರಿದೆಯೆಂದು ಆರ್ಕಿಮಿಡೀಸನ ತತ್ತ್ವವು ಹೇಳುವುದು. ದೋಣಿಯ ಪಕ್ಕದಲ್ಲಿ ಗುರುತು ಬರೆದು, ದಡದ ಬಳಿಯಲ್ಲಿ ಒಂದು ರಾತ್ರಿ ಬರಿದಾಗಿ ತೇಲಿಸಿಟ್ಟು, ಬೆಳಗ್ಗೆ ಆ ಗುರುತನ್ನು ನೋಡಿದರೆ ಸೋರಿಕೆಯೆಷ್ಟೆಂಬುದು ತಿಳಿಯುವುದು.

ಇಷ್ಟಾದ ಮೇಲೂ ಜನರನ್ನು ಹತ್ತಿಸುವ ಅಧಿಕಾರ ದೋಣಿಯ ಒಡೆಯನ ಇಚ್ಛೆಗೆ ಬಿಟ್ಟುದಲ್ಲ. 1917ರ ಹಳೆಯ ಕಾನೂನಿನ ಸ್ಥಾನಕ್ಕೆ ಬಂದ 2021ರ ಒಳನಾಡು ನೌಕೆಗಳ ಅಧಿನಿಯಮವು ಯಂತ್ರನೌಕೆಗಳಿಗೆ ತಪಾಸಣೆಯನ್ನೂ ನೋಂದಣಿಯನ್ನೂ ವಿಧಿಸಿದೆ. ತಪಾಸಣೆ ಮುಗಿದು, ಜೀವರಕ್ಷಕ ಅಂಗಿಗಳು ತಲೆಗೊಂದರಂತೆ ದೋಣಿಯೇರಿದ ಮೇಲೆಯೇ ಹಗ್ಗ ಬಿಚ್ಚತಕ್ಕದ್ದು.