ಮಣ್ಣಿಗೆ ಬಕೆಟ್ ತಾಗುವ ಮೊದಲೇ ಡೀಸೆಲ್ ಲೆಕ್ಕ

ಅಗೆಯುವ ಯಂತ್ರದ, ಅಂದರೆ ಎಕ್ಸ್‌ಕವೇಟರ್‌ನ, ಟ್ಯಾಂಕಿಗೆ ಸುರಿದ ಡೀಸೆಲ್‌ನಲ್ಲಿ ಮಣ್ಣೆತ್ತುವ ಕೆಲಸಕ್ಕೆ ದಕ್ಕುವುದು ಸಣ್ಣ ಪಾಲು ಮಾತ್ರ. ಅರ್ಧಕ್ಕಿಂತ ಹೆಚ್ಚು ಶಕ್ತಿ ಎಂಜಿನ್ನಿನಲ್ಲೇ ಶಾಖವಾಗಿ ಹೊಗೆ ಕೊಳವೆ, ರೇಡಿಯೇಟರ್‌ಗಳ ದಾರಿ ಹಿಡಿಯುತ್ತದೆ. ಉಳಿದದ್ದರಲ್ಲಿಯೂ ದೊಡ್ಡ ಭಾಗ ಪಂಪು, ಪೈಪು, ವಾಲ್ವ್‌ಗಳಲ್ಲಿ ಹೈಡ್ರಾಲಿಕ್ ಎಣ್ಣೆಯನ್ನು ಬಿಸಿ ಮಾಡುವುದರಲ್ಲೇ ಮುಗಿಯುತ್ತದೆ. ಈ ನಷ್ಟ ಯಾವ ಭಾಗದಲ್ಲಿ, ಯಾವ ಕ್ಷಣದಲ್ಲಿ, ಎಷ್ಟು ಆಗುತ್ತಿದೆ ಎಂಬುದನ್ನು ಯಂತ್ರ ತಯಾರಾಗುವ ಮೊದಲೇ ಕಂಡುಕೊಳ್ಳುವ ವಿಧಾನವೊಂದಿದೆ. ಇಡೀ ಯಂತ್ರವನ್ನು ಗಣಿತದ ಸಮೀಕರಣಗಳಾಗಿ ಕಂಪ್ಯೂಟರಿನಲ್ಲಿ ಕಟ್ಟಿ, ನಿಜವಾದ ಗಡಿಯಾರದ ವೇಗದಲ್ಲೇ ಅದನ್ನು ಓಡಿಸುವುದು. ಇದೇ ರಿಯಲ್ ಟೈಮ್ ಸಿಮ್ಯುಲೇಶನ್.

ಇಂಥ ಕೆಲಸಕ್ಕೆ ಬೇಕಾದ ಎಲ್ಲವೂ ಒಂದೇ ಕಡೆ ಸಿಗುವ ಊರು ಪುಣೆ. ತಳೇಗಾಂವ್‌ನಲ್ಲಿ ಜೆಸಿಬಿ ಕಂಪನಿಯ ಎಕ್ಸ್‌ಕವೇಟರ್ ಕಾರ್ಖಾನೆಯಿದೆ. ಚಾಕಣದ ಕೈಗಾರಿಕಾ ಪ್ರದೇಶದಲ್ಲಿ ಹ್ಯುಂಡೈ ಮತ್ತು ಸ್ಯಾನಿ ಯಂತ್ರಗಳು ತಯಾರಾಗುತ್ತವೆ. ಎಂಜಿನ್ನುಗಳ ಮಟ್ಟಿಗೆ ಈ ಊರಿನ ಪರಂಪರೆ ಇನ್ನೂ ಹಳೆಯದು, ಅದರ ಬೇರು ಇರುವುದು ಕರ್ನಾಟಕದಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಅದರಿಂದ ಬೆಳೆದ ಕಾರ್ಖಾನೆ 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಯಿತು. ಅದೇ ಮನೆತನದ ಉದ್ಯಮ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಆಯಿತು. 1962ರಲ್ಲಿ ಅಮೆರಿಕದ ಕಮಿನ್ಸ್ ಜೊತೆ ಸೇರಿ ಶುರುವಾದ ಕಿರ್ಲೋಸ್ಕರ್ ಕಮಿನ್ಸ್ ಇಂದು ಕಮಿನ್ಸ್ ಇಂಡಿಯಾ. ಎಂಜಿನ್ನುಗಳ ಹೊಗೆ ಅಳೆದು ಪ್ರಮಾಣಪತ್ರ ಕೊಡುವ ಎಆರ್‌ಎಐ, ಅಂದರೆ ಭಾರತೀಯ ವಾಹನ ಸಂಶೋಧನಾ ಸಂಘ, 1966ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಅದರ ಕಚೇರಿ ವೇತಾಳ ಗುಡ್ಡದ ಮೇಲಿದೆ.

ನಷ್ಟದ ಮೂಲ ತಿಳಿಯಲು ಹೈಡ್ರಾಲಿಕ್ಸ್‌ನ ಒಂದು ಸರಳ ಲೆಕ್ಕ ಸಾಕು. ಎಕ್ಸ್‌ಕವೇಟರ್‌ನ ದೊಡ್ಡ ತೋಳಾದ ಬೂಮ್, ಅದರ ತುದಿಯ ಆರ್ಮ್, ಮಣ್ಣು ಹಿಡಿಯುವ ಬಕೆಟ್ ಮೂರೂ ಒಂದೇ ಪಂಪಿನ ಎಣ್ಣೆಯಿಂದ ಚಲಿಸುತ್ತಿವೆ ಎನ್ನೋಣ. ಭಾರ ಹೊತ್ತ ಬೂಮ್‌ಗೆ 250 ಬಾರ್ ಒತ್ತಡ ಬೇಕು, ಅದೇ ಹೊತ್ತಿಗೆ ಬಕೆಟ್ ಮಡಚಲು 100 ಬಾರ್ ಸಾಕು. ಪಂಪು ಹೆಚ್ಚಿನ ಒತ್ತಡಕ್ಕೇ ಹೊಂದಿಕೊಳ್ಳಬೇಕು, ಮೇಲೆ 20 ಬಾರ್‌ನಷ್ಟು ಅಂಚನ್ನೂ ಇಟ್ಟುಕೊಳ್ಳಬೇಕು. ಹಾಗಾಗಿ ಬಕೆಟ್ ಕಡೆ ಹೋಗುವ ಎಣ್ಣೆ 270 ಬಾರ್‌ನಲ್ಲಿ ಹೊರಟು ವಾಲ್ವ್‌ನ ಕಿರಿದಾದ ಸಂದಿಯಲ್ಲಿ 170 ಬಾರ್ ಕಳೆದುಕೊಳ್ಳುತ್ತದೆ. ನಿಮಿಷಕ್ಕೆ 100 ಲೀಟರ್ ಹರಿವಿದ್ದರೆ ಆ ಒಂದು ಸಂದಿಯಲ್ಲಿ ಸುಮಾರು 28 ಕಿಲೋವಾಟ್ ಬರೀ ಶಾಖವಾಗುತ್ತದೆ, ಆ ಶಾಖವನ್ನು ತೆಗೆಯಲು ಫ್ಯಾನ್ ಬೇರೆ ತಿರುಗಬೇಕು. ಎತ್ತಿದ ಬೂಮ್ ಕೆಳಗಿಳಿಯುವಾಗಲೂ ಅದರಲ್ಲಿದ್ದ ಶಕ್ತಿ ಇದೇ ರೀತಿ ಎಣ್ಣೆ ಬಿಸಿಯಾಗುವುದರಲ್ಲಿ ಹೋಗುತ್ತದೆ.

ಇದನ್ನು ಸರಿಪಡಿಸುವ ಉಪಾಯಗಳಿಗೆ ಕೊರತೆಯಿಲ್ಲ. ಒಂದರ ಬದಲು ಎರಡು ಪಂಪು ಇಡಬಹುದು, ಸಿಲಿಂಡರಿಗೆ ಒಳಹೋಗುವ ಎಣ್ಣೆಗೂ ಹೊರಬರುವ ಎಣ್ಣೆಗೂ ಬೇರೆ ಬೇರೆ ವಾಲ್ವ್ ಕೊಡಬಹುದು, ಇಳಿಯುವ ಬೂಮ್‌ನ ಶಕ್ತಿಯನ್ನು ಅನಿಲ ತುಂಬಿದ ಅಕ್ಯುಮುಲೇಟರ್‌ನಲ್ಲಿ ಹಿಡಿದಿಡಬಹುದು. ಜಪಾನಿನ ಕೊಮಾಟ್ಸು 2008ರಲ್ಲಿ ಮಾರುಕಟ್ಟೆಗೆ ತಂದ ಹೈಬ್ರಿಡ್ ಎಕ್ಸ್‌ಕವೇಟರ್, ಮೇಲಿನ ಭಾಗ ತಿರುಗಿ ನಿಲ್ಲುವಾಗಿನ ಶಕ್ತಿಯನ್ನು ವಿದ್ಯುತ್ತಾಗಿ ಉಳಿಸಿಕೊಂಡಿತು. ಆದರೆ ಪ್ರತಿ ಉಪಾಯಕ್ಕೂ ಬೆಲೆಯಿದೆ, ತೂಕವಿದೆ. ದಿನವಿಡೀ ಕಾಲುವೆ ತೋಡುವ ಯಂತ್ರಕ್ಕೆ ಲಾಭವಾದದ್ದು ಟಿಪ್ಪರ್ ತುಂಬುವ ಯಂತ್ರಕ್ಕೆ ಆಗದೇ ಹೋಗಬಹುದು. ಪ್ರತಿಯೊಂದನ್ನೂ ಉಕ್ಕಿನಲ್ಲಿ ಮಾಡಿ ನೋಡುವಷ್ಟು ಹಣವೂ ಕಾಲವೂ ಯಾವ ಕಂಪನಿಗೂ ಇರುವುದಿಲ್ಲ.

ಸಾಮಾನ್ಯ ಸಿಮ್ಯುಲೇಶನ್ ಹತ್ತು ಸೆಕೆಂಡಿನ ಚಲನೆಯನ್ನು ಲೆಕ್ಕ ಹಾಕಲು ಗಂಟೆ ತೆಗೆದುಕೊಂಡರೂ ಅಡ್ಡಿಯಿಲ್ಲ. ರಿಯಲ್ ಟೈಮ್ ಹಾಗಲ್ಲ. ಇಲ್ಲಿ ಕಾಲವನ್ನು ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಲಾಗುತ್ತದೆ, ಪ್ರತಿ ತುಣುಕಿನ ಲೆಕ್ಕ ಆ ತುಣುಕು ಕಳೆಯುವುದರೊಳಗೆ ಮುಗಿಯಲೇಬೇಕು. ಒಮ್ಮೆಯೂ ತಪ್ಪುವಂತಿಲ್ಲ. ಇದಕ್ಕೆ ದೊಡ್ಡ ಕಂಪ್ಯೂಟರೇ ಬೇಕೆನಿಸಬಹುದು. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರ್ ಕಟ್ಟಿತು. ಅಂಥ ಯಂತ್ರಗಳ ಹೆಚ್ಚುಗಾರಿಕೆ ಬೃಹತ್ ಲೆಕ್ಕವನ್ನು ಬೇಗ ಮುಗಿಸುವುದರಲ್ಲಿದೆ. ರಿಯಲ್ ಟೈಮ್ ಕಂಪ್ಯೂಟರಿನಿಂದ ಬಯಸುವುದು ಸಮಯಪಾಲನೆಯನ್ನು. ಅದಕ್ಕೆ ದೊಡ್ಡ ಕಂಪ್ಯೂಟರಿಗಿಂತ ಜಾಣ್ಮೆಯ ಸಮೀಕರಣ ಹೆಚ್ಚು ಮುಖ್ಯ.

ಹೈಡ್ರಾಲಿಕ್ಸ್ ತೊಡಕು ಮಾಡುವುದೂ ಇಲ್ಲಿಯೇ. ಎಣ್ಣೆ ಸುಲಭವಾಗಿ ಕುಗ್ಗುವುದಿಲ್ಲ: ಅದರ ಗಾತ್ರವನ್ನು ಶೇ. 1ರಷ್ಟು ಇಳಿಸಲು ಸುಮಾರು 150 ಬಾರ್ ಒತ್ತಡ ಬೇಕು. ಹೀಗಾಗಿ ಗಿಡ್ಡ ಪೈಪಿನೊಳಗೆ ಒಂದಿಷ್ಟೇ ಎಣ್ಣೆ ಹೆಚ್ಚು ಬಂದರೂ ಒತ್ತಡ ಥಟ್ಟನೆ ಜಿಗಿಯುತ್ತದೆ. ಬೂಮ್‌ನ ಚಲನೆಯನ್ನು ಹಿಡಿಯಲು ಧಾರಾಳವಾಗಿ ಸಾಕಾಗುವ ಕಾಲದ ತುಣುಕು ಈ ಜಿಗಿತಕ್ಕೆ ದೊಡ್ಡದಾಗಿ, ಲೆಕ್ಕ ಹಳಿ ತಪ್ಪುತ್ತದೆ. ಸಣ್ಣ ಪೈಪುಗಳ ಒತ್ತಡ ತಕ್ಷಣವೇ ಸಮತೋಲಕ್ಕೆ ಬರುತ್ತದೆಂದು ಭಾವಿಸಿ ಸಮೀಕರಣವನ್ನು ಹಗುರಗೊಳಿಸುವುದು ಇದಕ್ಕೆ ಒಂದು ಪರಿಹಾರ. ಫಿನ್ಲೆಂಡಿನ ಲಪ್ಪೀನ್‌ರಾಂತಾ ವಿಶ್ವವಿದ್ಯಾಲಯದ ಸಂಶೋಧಕರು ಉಕ್ಕಿನ ಕೀಲುಗಳ ಚಲನೆ ಮತ್ತು ಎಣ್ಣೆಯ ಒತ್ತಡ ಎರಡನ್ನೂ ಒಟ್ಟಿಗೆ ಗಡಿಯಾರಕ್ಕೆ ಹೊಂದಿಸುವ ಇಂಥ ವಿಧಾನಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ.

ಇಷ್ಟು ಕಷ್ಟಪಟ್ಟು ಗಡಿಯಾರದ ಜೊತೆ ಓಡುವುದೇಕೆ? ಸಮೀಕರಣಗಳ ಈ ಮಾದರಿಯೊಂದಿಗೆ ನಿಜವಾದ ವಸ್ತುವನ್ನೂ ನಿಜವಾದ ಮನುಷ್ಯನನ್ನೂ ಜೋಡಿಸಬೇಕಾದರೆ ಬೇರೆ ದಾರಿಯಿಲ್ಲ. ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಅದರ ತಂತಿಗಳನ್ನು ಸಿಮ್ಯುಲೇಟರಿಗೆ ಜೋಡಿಸಿದರೆ ತಾನು ನಿಜವಾದ ಎಂಜಿನ್ನಿಗೇ ಅಂಟಿಕೊಂಡಿರುವಂತೆ ಅದು ವರ್ತಿಸುತ್ತದೆ. ಪಂಪಿನ ಹೊರೆ ಹಠಾತ್ತನೆ ಏರಿದಾಗ ಎಂಜಿನ್ ವೇಗ ಎಷ್ಟು ಕುಸಿಯುತ್ತದೆ, ಕೆಲಸವಿಲ್ಲದಾಗ ಎಷ್ಟು ಬೇಗ ಐಡಲ್‌ಗೆ ಇಳಿಯಬೇಕು ಎಂಬುದನ್ನೆಲ್ಲ ಒಂದು ಹನಿ ಡೀಸೆಲ್ ಸುಡದೆ ಪರೀಕ್ಷಿಸಬಹುದು. ಇದರ ತುರ್ತು ಈಗ ಹೆಚ್ಚಿದೆ. ಚಕ್ರದ ಮೇಲೆ ಓಡುವ ನಿರ್ಮಾಣ ಯಂತ್ರಗಳಿಗೆ ಭಾರತದಲ್ಲಿ 2021ರ ಏಪ್ರಿಲ್‌ನಿಂದ ನಾಲ್ಕನೇ ಹಂತದ, 2025ರ ಜನವರಿಯಿಂದ ಐದನೇ ಹಂತದ ಹೊಗೆ ನಿಯಮ ಬಂದಿದೆ. ಐದನೇ ಹಂತದಲ್ಲಿ ಮಸಿ ಹಿಡಿಯುವ ಫಿಲ್ಟರ್ ಸೇರಿತು. ತುಂಬಿದ ಮಸಿಯನ್ನು ಯಾವಾಗ ಸುಡಬೇಕೆಂಬ ನಿರ್ಧಾರವೂ ಇಂಧನದ ಖರ್ಚಿಗೆ ಸೇರುತ್ತದೆ.

ಇಂಧನದ ಖರ್ಚಿನಲ್ಲಿ ಮನುಷ್ಯನ ಪಾಲೂ ಸಣ್ಣದಲ್ಲ. ಒಂದೇ ಯಂತ್ರ, ಒಂದೇ ಮಣ್ಣು ಇದ್ದರೂ ಇಬ್ಬರು ಆಪರೇಟರುಗಳ ಡೀಸೆಲ್ ಖರ್ಚು ಎದ್ದು ಕಾಣುವಷ್ಟು ಬೇರೆಯಾಗುತ್ತದೆ. ಒಬ್ಬ ಬೂಮ್ ಎತ್ತುತ್ತಲೇ ತಿರುಗುತ್ತಾನೆ, ಇನ್ನೊಬ್ಬ ಪೂರ್ತಿ ಎತ್ತಿದ ಮೇಲೆ ತಿರುಗುತ್ತಾನೆ. ಒಬ್ಬ ಬಕೆಟ್ಟನ್ನು ಪದರ ಪದರವಾಗಿ ಎಳೆದರೆ ಇನ್ನೊಬ್ಬ ಆಳಕ್ಕೆ ಊರಿ ಎಂಜಿನ್ ಗೊರಗುಟ್ಟುವಂತೆ ಮಾಡುತ್ತಾನೆ. ನಿಜವಾದ ಲಿವರ್ ಹಿಡಿದು ಆಪರೇಟರ್ ಸಿಮ್ಯುಲೇಟರಿನಲ್ಲಿ ಕುಳಿತರೆ ಈ ವ್ಯತ್ಯಾಸ ಅಂಕಿಗಳಾಗಿ ದೊರೆಯುತ್ತದೆ. ಕಲಬುರಗಿ, ವಿಜಯಪುರ ಕಡೆಯಿಂದ ಪುಣೆಯ ಕಟ್ಟಡ ಕೆಲಸಕ್ಕೆ ಬಂದ ಕನ್ನಡಿಗರು ಸಾವಿರಾರು. ಇಂಥ ಕೆಲಸದ ಜಾಗಗಳಲ್ಲಿ ಹೆಲ್ಪರ್ ಆಗಿ ಸೇರಿ, ನೋಡುತ್ತ ನೋಡುತ್ತಲೇ ಲಿವರ್ ಹಿಡಿದವರ ಕೈ, ತರಬೇತಿ ಪುಸ್ತಕದ ಕೈಗಿಂತ ಬೇರೆ. ಅಂಥವರನ್ನು ಕೂರಿಸದೆ ಬರೀ ಎಂಜಿನಿಯರುಗಳ ಕೈಯಲ್ಲಿ ಪರೀಕ್ಷಿಸಿದ ವಿನ್ಯಾಸ, ಹೊಲದ ಬದುವಿನ ಮೇಲೆ ಹೇಳಿದಷ್ಟು ಡೀಸೆಲ್ ಉಳಿಸಲಾರದು. ಸಾಲ ಮಾಡಿ ಒಂದೇ ಯಂತ್ರ ಕೊಂಡು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವ ಮಾಲೀಕನಿಗೆ ಈ ವ್ಯತ್ಯಾಸವೇ ತಿಂಗಳ ಕಂತು.

ಮಾದರಿಯ ದುರ್ಬಲ ಅಂಗ ಮಣ್ಣು. ಉಕ್ಕು ಮತ್ತು ಎಣ್ಣೆಯ ಗುಣಗಳನ್ನು ಕರಾರುವಾಕ್ಕಾಗಿ ಬರೆಯಬಹುದು, ಮಣ್ಣನ್ನು ಹಾಗೆ ಬರೆಯಲಾಗದು. 1964ರಲ್ಲಿ ಎ. ಆರ್. ರೀಸ್ ರೂಪಿಸಿದ ಸಮೀಕರಣ ಮಣ್ಣಿನ ತೂಕ, ಅಂಟು, ಅಗೆತದ ಆಳಗಳಿಂದ ಬ್ಲೇಡಿನ ಮೇಲಿನ ಬಲವನ್ನು ಅಂದಾಜಿಸುತ್ತದೆ. ಲೆಕ್ಕ ಹಗುರವಾದ್ದರಿಂದ ಈ ಬಗೆಯ ಸೂತ್ರಗಳು ರಿಯಲ್ ಟೈಮ್ ಮಾದರಿಗೆ ಒಗ್ಗುತ್ತವೆ. ಆದರೆ ಪುಣೆಯ ಸುತ್ತ ನೆಲದ ಮೇಲೆ ಎರೆಮಣ್ಣು, ಅದರಡಿ ಮುರುಮು, ಇನ್ನೂ ಕೆಳಗೆ ಬಸಾಲ್ಟ್ ಬಂಡೆ. ಮಳೆಗಾಲದಲ್ಲಿ ಬಕೆಟ್ಟಿಗೆ ಅಂಟಿ ಬಿಡದ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಗಟ್ಟಿಯಾಗುತ್ತದೆ. ಒಂದೇ ಗುಂಡಿಯಲ್ಲಿ ಮೂರು ಬಗೆಯ ಪ್ರತಿರೋಧ ಎದುರಾಗುವಾಗ ಒಂದು ಸೂತ್ರದ ಒಂದು ಅಂಕಿಯನ್ನು ನಂಬುವಂತಿಲ್ಲ.

ಆದ್ದರಿಂದ ಮಾದರಿಯನ್ನು ನೆಲಕ್ಕೆ ಒರೆಹಚ್ಚಲೇಬೇಕು. ಯಂತ್ರದ ಸಿಲಿಂಡರುಗಳಿಗೆ ಒತ್ತಡ ಮಾಪಕ, ಕೀಲುಗಳಿಗೆ ಕೋನ ಮಾಪಕ, ಇಂಧನದ ಪೈಪಿಗೆ ಹರಿವಿನ ಮಾಪಕ ಕೂರಿಸಿ, ನಿಜವಾಗಿ ಅಗೆಸಿ, ಅದೇ ಲಿವರ್ ಚಲನೆಗಳನ್ನು ಮಾದರಿಗೂ ಕೊಟ್ಟು ಎರಡರ ಒತ್ತಡದ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಲಾಗುತ್ತದೆ. ಗೆರೆಗಳು ಅಗಲಿದ ಜಾಗದಲ್ಲಿ ಘರ್ಷಣೆಯನ್ನೋ, ವಾಲ್ವ್‌ನ ತೆರವನ್ನೋ, ಮಣ್ಣಿನ ಅಂಟನ್ನೋ ತಿದ್ದಲಾಗುತ್ತದೆ. ಹೊಸ ಯಂತ್ರಗಳು ತಮ್ಮ ಇಂಧನದ ಖರ್ಚನ್ನೂ ಐಡಲ್ ಗಂಟೆಗಳನ್ನೂ ಮೊಬೈಲ್ ಜಾಲದ ಮೂಲಕ ತಾವೇ ಕಳಿಸುವುದರಿಂದ ಈ ತಿದ್ದುಪಡಿ ಮಾರಾಟದ ನಂತರವೂ ನಡೆಯಬಹುದು. ಎರೆಮಣ್ಣಿನಲ್ಲಿ ದುಡಿದ ಯಂತ್ರದ ಅಂಕಿಗಳು ಮುಂದಿನ ಪಂಪಿನ ಅಳತೆ ಗೊತ್ತುಮಾಡುವಾಗ ಮಾದರಿಯೊಳಗೆ ಸೇರುತ್ತವೆ.